ಬಿಸಿಯಾದ ಮೇಲೆ ಒಮ್ಮೊಮ್ಮೆ ಮಾತ್ರ ಸ್ಟಾರ್ಟ್ ಆಗದ ಹಳೆಯ ಕಾರು: ದೋಷ ಹುಡುಕುವುದು ಎಲ್ಲಿಂದ?

ಅಡಿಕೆತೋಟ, ಶಿರಸಿ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1998ರ ಮಾದರಿಯ, 796 ಸಿಸಿಯ, ಮೂರು ಸಿಲಿಂಡರಿನ, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಸಣ್ಣ ಪೆಟ್ರೋಲ್ ಕಾರೊಂದಿದೆ. ಇಷ್ಟು ಹೇಳಿದ ಮೇಲೆ ಅದರ ಹೆಸರು ಹೇಳುವ ಅಗತ್ಯವಿಲ್ಲ. ತಂದೆಯವರು ಕೊಂಡ ಗಾಡಿಯಾದ್ದರಿಂದ ಮಾರುವ ಮನಸ್ಸಿಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಂಡು ಓಡಿಸುತ್ತಿದ್ದೇನೆ.

ಬೆಳಿಗ್ಗೆ ಚೋಕ್ ಎಳೆದು ಕೀಲಿ ತಿರುಗಿಸಿದರೆ ಎಂಜಿನ್ ಸಾಮಾನ್ಯವಾಗಿ ತಕ್ಷಣ ಹಿಡಿದುಕೊಳ್ಳುತ್ತದೆ, ಓಡುವಾಗಲೂ ಯಾವ ದೂರೂ ಇಲ್ಲ. ಆದರೆ ಕುಮಟಾದಿಂದ ಬರುವಾಗ ದೇವಿಮನೆ ಘಟ್ಟ ಹತ್ತಿ, ಮೇಲೆ ಚಹಾಕ್ಕೆಂದು ಇಪ್ಪತ್ತು ನಿಮಿಷ ನಿಲ್ಲಿಸಿ ಮತ್ತೆ ಹೊರಡುವಾಗ ಒಮ್ಮೊಮ್ಮೆ ಸೆಲ್ಫ್ ಹೊಡೆಯುತ್ತಲೇ ಇರುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ. ಮುಕ್ಕಾಲು ಗಂಟೆ ಸುಮ್ಮನೆ ಕುಳಿತು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಪ್ರತಿ ಸಲ ಹೀಗಾಗುವುದಾದರೆ ಹುಡುಕುವುದು ಸುಲಭವಿತ್ತು. ಇದು ಐದಾರು ಪ್ರಯಾಣಕ್ಕೆ ಒಮ್ಮೆ ಆಗುತ್ತದೆ, ಗ್ಯಾರೇಜಿಗೆ ಒಯ್ದ ದಿನವಂತೂ ಆಗುವುದೇ ಇಲ್ಲ. ವೈದ್ಯರ ಬಾಗಿಲಿಗೆ ಬಂದೊಡನೆ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ.

ಎರಡು ವರ್ಷಗಳಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿ ಹೊಸ ಕಿಟ್ ಹಾಕಿಸಿದ್ದೇನೆ. ಪ್ಲಗ್, ಪ್ಲಗ್ ವೈರುಗಳು, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಮತ್ತು ಎಂಟು ತಿಂಗಳ ಹಿಂದೆ ಬ್ಯಾಟರಿಯನ್ನೂ ಬದಲಾಯಿಸಿದ್ದೇನೆ. ಇದರ ನಡುವೆ ಆಕ್ಸಿಲರೇಟರ್ ಕೇಬಲ್ ಎರಡು ಬಾರಿ ಬಿಗಿಯಾಗಿ ಹೋಗಿ ಅದನ್ನೂ ಹೊಸದು ಹಾಕಬೇಕಾಯಿತು. ಬ್ಯಾಟರಿ ಹೊಸದಾದಾಗ ಎರಡು ತಿಂಗಳು ತೊಂದರೆಯೇ ಇರಲಿಲ್ಲ, ಕಾಯಿಲ್ ಹಾಕಿದಾಗ ಮೂರು ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ ಮೊದಲಿನ ಹಾಗೆಯೇ. ಇನ್ನೊಂದು ಬಿಡಿಭಾಗ ಕೊಳ್ಳುವ ಮೊದಲು ಕ್ರಮವಾಗಿ ಪರೀಕ್ಷಿಸುವ ದಾರಿ ಏನೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಮಲ್ಟಿಮೀಟರ್

ಮಾನ್ಯರೇ, ಕೈಕೊಟ್ಟ ಕ್ಷಣದಲ್ಲಿ ನೀವು ಏನನ್ನು ಕೇಳಿದಿರಿ ಮತ್ತು ಏನನ್ನು ನೋಡಿದಿರಿ ಎಂಬುದು ನಿಮ್ಮ ವಿವರಣೆಯಲ್ಲಿ ಇಲ್ಲ. ಸೆಲ್ಫ್ ಹೊಡೆಯುವ ಸದ್ದು ಬೆಳಗಿನ ವೇಗದಲ್ಲೇ ಇರುತ್ತದೆಯೇ ಅಥವಾ ಎಳೆದೆಳೆದು ಬರುತ್ತದೆಯೇ? ಕೀಲಿ ಹಿಡಿದಿರುವಾಗ ಡ್ಯಾಶ್‌ಬೋರ್ಡಿನ ದೀಪ ಮಂಕಾಗುತ್ತದೆಯೇ? ಪೆಟ್ರೋಲ್ ವಾಸನೆ ಬರುತ್ತದೆಯೇ? ಎಂಜಿನ್ ಏಳುವ ದಿನ ಅದು ಕೀಲಿ ಹಿಡಿದಿರುವಾಗ ಏಳುತ್ತದೆಯೋ, ಬಿಟ್ಟ ಕ್ಷಣಕ್ಕೆ ಏಳುತ್ತದೆಯೋ? ಕೊನೆಯ ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಕೀಲಿ ಬಿಟ್ಟಾಗ ಮಾತ್ರ ಹಿಡಿದುಕೊಳ್ಳುವ ಎಂಜಿನ್‌ಗೆ ಸೆಲ್ಫ್ ತಿರುಗುವಾಗ ಕಾಯಿಲ್‌ಗೆ ಸಾಕಷ್ಟು ವೋಲ್ಟೇಜ್ ಸಿಗುತ್ತಿಲ್ಲವೆಂದು ಅರ್ಥ.

ಮೊದಲು ಒಂದು ನೋಟ್‌ಪುಸ್ತಕವನ್ನು ಡ್ಯಾಶ್‌ಬೋರ್ಡಿನಲ್ಲಿ ಇಡಿ. ಕೈಕೊಟ್ಟ ದಿನವನ್ನು ಮಾತ್ರವಲ್ಲ, ಪ್ರತಿ ಬಿಸಿ ಸ್ಟಾರ್ಟನ್ನೂ ಬರೆಯಿರಿ: ಎಷ್ಟು ದೂರ ಓಡಿತ್ತು, ಎಷ್ಟು ನಿಮಿಷ ನಿಂತಿತ್ತು, ಎಷ್ಟು ಸೆಕೆಂಡು ಸೆಲ್ಫ್ ಹೊಡೆಯಬೇಕಾಯಿತು. ಕೈಕೊಟ್ಟ ದಿನಗಳಷ್ಟನ್ನೇ ನೆನಪಿಟ್ಟುಕೊಂಡರೆ ಅವು ಯಾವುದರಲ್ಲಿ ಬೇರೆಯಾಗಿದ್ದವು ಎಂಬುದು ತಿಳಿಯುವುದೇ ಇಲ್ಲ.

ಎರಡನೆಯದಾಗಿ ವೋಲ್ಟೇಜ್ ಅಳೆಯುವ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. ಇದನ್ನು ಹೆಚ್ಚಿನ ಗ್ಯಾರೇಜುಗಳಲ್ಲಿ ನೋಡುತ್ತಾರೆ. ಅವರು ಬಹುತೇಕ ನೋಡದಿರುವುದು ಅರ್ಥ್ ಕಡೆಯ, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿಯ, ವೋಲ್ಟೇಜ್ ನಷ್ಟವನ್ನು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ (ಅದರ ಕ್ಲಾಂಪಿಗಲ್ಲ) ಒತ್ತಿ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ ಸೆಲ್ಫ್ ಹೊಡೆಸಿ. 0.2 ಅಥವಾ 0.3 ವೋಲ್ಟಿನೊಳಗೆ ಬಂದರೆ ಸರಿ. ಒಂದು ವೋಲ್ಟ್ ದಾಟಿದರೆ ಎಂಜಿನ್‌ನಿಂದ ಬ್ಯಾಟರಿಗೆ ಕರೆಂಟ್ ಮರಳುವ ದಾರಿಯಲ್ಲೇ ಎಲ್ಲೋ ತುಕ್ಕು ಕುಳಿತಿದೆ.

ಆಕ್ಸಿಲರೇಟರ್ ಕೇಬಲ್ ಎರಡು ಬಾರಿ ಹಾಳಾಯಿತೆಂದು ನೀವು ಹೋಗುತ್ತ ಹೋಗುತ್ತ ಒಂದು ಮಾತು ಹೇಳಿದ್ದೀರಿ. ನನಗೆ ಇಡೀ ಪ್ರಶ್ನೆಯಲ್ಲಿ ಅದೇ ಕುತೂಹಲದ ಸಂಗತಿ. ಎಂಜಿನ್ನನ್ನು ಬಾಡಿಗೆ ಜೋಡಿಸುವ ತಾಮ್ರದ ಅರ್ಥ್ ಪಟ್ಟಿ ಕೆಟ್ಟಾಗ ಸೆಲ್ಫ್‌ನ ಭಾರಿ ಕರೆಂಟ್ ಬೇರೆ ದಾರಿ ಹುಡುಕುತ್ತದೆ, ಆ ದಾರಿ ಹೆಚ್ಚಾಗಿ ಆಕ್ಸಿಲರೇಟರ್ ಅಥವಾ ಚೋಕ್ ಕೇಬಲ್ಲಿನ ಉಕ್ಕಿನ ಎಳೆಯೇ ಆಗಿರುತ್ತದೆ; ಎಳೆ ಕಾದು ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ಕೇಬಲ್ ಬಿಗಿಯಾಗುತ್ತದೆ. ಮುಂದಿನ ಬಾರಿ ಐದಾರು ಸೆಕೆಂಡು ಸೆಲ್ಫ್ ಹೊಡೆದ ಕೂಡಲೇ ಆ ಕೇಬಲ್ಲಿನ ಹೊರಮೈಯನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ.

ಘಟ್ಟದ ಕೆಳಗಿನವ, ಕುಮಟಾ

ಅರ್ಥ್ ಪರೀಕ್ಷೆಗೆ ನನ್ನ ವಿರೋಧವಿಲ್ಲ. ಆದರೂ ಘಟ್ಟ ಹತ್ತಿ ಇಪ್ಪತ್ತು ನಿಮಿಷ ನಿಲ್ಲಿಸಿದ ಮೇಲೆ ಎಂಬ ಮಾತನ್ನು ಓದಿದೊಡನೆ ನನ್ನ ಕಣ್ಣು ಕಾರ್ಬ್ಯುರೇಟರಿನ ಕಡೆಗೆ ಹೋಗುತ್ತದೆ. ಗಾಡಿ ಓಡುವಾಗ ಗಾಳಿಯೂ ಹರಿಯುವ ನೀರೂ ಸೇರಿ ಬಾನೆಟ್ ಒಳಗಿನ ಶಾಖವನ್ನು ಹೊರಗೆ ಒಯ್ಯುತ್ತವೆ, ಒಳಬರುವ ತಂಪು ಪೆಟ್ರೋಲ್ ಕಾರ್ಬ್ಯುರೇಟರನ್ನು ತಣ್ಣಗಿಡುತ್ತದೆ. ಎಂಜಿನ್ ನಿಲ್ಲಿಸಿದ ಕ್ಷಣಕ್ಕೆ ಇವೆಲ್ಲ ನಿಲ್ಲುತ್ತವೆ, ಆದರೆ ಎಂಜಿನ್ ಹೆಡ್ಡಿನ ಶಾಖ ಮಾತ್ರ ಮೇಲೇರುತ್ತಲೇ ಇರುತ್ತದೆ. ಹೀಗಾಗಿ ಕಾರ್ಬ್ಯುರೇಟರ್ ಅತಿ ಹೆಚ್ಚು ಕಾಯುವುದು ಓಡುವಾಗಲ್ಲ, ನಿಲ್ಲಿಸಿದ ನಂತರದ ಹತ್ತರಿಂದ ಮೂವತ್ತು ನಿಮಿಷಗಳಲ್ಲಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಪಾತ್ರೆಯಾದ ಫ್ಲೋಟ್ ಚೇಂಬರಿನ ಪೆಟ್ರೋಲ್ ಕುದಿದು, ಜೆಟ್ಟಿನ (ಸಣ್ಣ ರಂಧ್ರದ) ಮೂಲಕ ಉಕ್ಕಿ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆಗೆ) ತೊಟ್ಟಿಕ್ಕುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿದ ಹಾಗೆ ಎಂದುಕೊಳ್ಳಿ. ಆಗ ಕೀಲಿ ತಿರುಗಿಸಿದರೆ ಸಿಲಿಂಡರಿಗೆ ಗಾಳಿಗಿಂತ ಹೆಚ್ಚಾಗಿ ಪೆಟ್ರೋಲೇ ಹೋಗಿ ಎಂಜಿನ್ ಓವರ್‌ಫ್ಲೋ ಆಗುತ್ತದೆ. ಮುಕ್ಕಾಲು ಗಂಟೆಯಲ್ಲಿ ಅದು ಆರಿಹೋಗುವುದರಿಂದ ಮತ್ತೆ ಎಲ್ಲವೂ ಸರಿಯಾದಂತೆ ಕಾಣುತ್ತದೆ.

ಇದನ್ನು ಪರೀಕ್ಷಿಸಲು ಖರ್ಚಿಲ್ಲ. ಮುಂದಿನ ಸಲ ಕೈಕೊಟ್ಟಾಗ ಚೋಕನ್ನು ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ನಿಧಾನವಾಗಿ ನೆಲದವರೆಗೆ ಒತ್ತಿ ಅಲ್ಲೇ ಹಿಡಿದು, ಹತ್ತು ಸೆಕೆಂಡಿಗೆ ಮೀರದಂತೆ ಸೆಲ್ಫ್ ಹೊಡೆಯಿರಿ. ಕಾಲನ್ನು ಮೇಲೆ ಕೆಳಗೆ ಮಾಡಿ ಪಂಪ್ ಮಾಡಬಾರದು, ಏಕೆಂದರೆ ಪ್ರತಿ ಒತ್ತಿಗೂ ಆಕ್ಸಿಲರೇಟರ್ ಪಂಪು ಇನ್ನಷ್ಟು ಪೆಟ್ರೋಲ್ ಚಿಮ್ಮಿಸಿ ಇದ್ದ ರೋಗವನ್ನೇ ಹೆಚ್ಚಿಸುತ್ತದೆ. ಹೀಗೆ ಮಾಡಿದಾಗ ಎಂಜಿನ್ ತಡವರಿಸಿ, ಕಪ್ಪು ಹೊಗೆ ಬಿಟ್ಟು ಎದ್ದರೆ ಉತ್ತರ ಸಿಕ್ಕಂತೆಯೇ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನಲ್ಲೋ ಕೊಳವೆಯಲ್ಲೋ ಆವಿ ತುಂಬಿಕೊಂಡು ಪೆಟ್ರೋಲ್ ಬರುವುದೇ ನಿಂತಿದ್ದರೆ ಈ ಉಪಾಯ ಕೆಲಸ ಮಾಡುವುದಿಲ್ಲ. ಅದನ್ನು ತಿಳಿಯಲು ಏರ್ ಫಿಲ್ಟರ್ ತೆಗೆದು, ಎಂಜಿನ್ ನಿಂತಿರುವಾಗಲೇ ಥ್ರಾಟಲನ್ನು (ಆಕ್ಸಿಲರೇಟರ್ ಕೇಬಲ್ ಎಳೆಯುವ ಭಾಗವನ್ನು) ಕೈಯಿಂದ ಒಮ್ಮೆ ಎಳೆದು ಕಾರ್ಬ್ಯುರೇಟರಿನ ಒಳಗೆ ಪೆಟ್ರೋಲ್ ಚಿಮ್ಮುತ್ತದೆಯೇ ಎಂದು ನೋಡಿದರೆ ಸಾಕು. ಆ ಹೊತ್ತಿನಲ್ಲಿ ಹತ್ತಿರ ಯಾರೂ ಬೀಡಿ ಸಿಗರೇಟು ಹಿಡಿದು ನಿಂತಿರಬಾರದು ಎಂದು ಹೇಳಬೇಕಾಗಿಲ್ಲವಾದರೂ ಹೇಳುತ್ತಿದ್ದೇನೆ.

ಪೆಟ್ರೋಲ್ ಕೂಡ ಬದಲಾಗಿದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು, ಈಗ ಅದು ಸಾಮಾನ್ಯವಾಗಿ ಬಂಕುಗಳಲ್ಲಿ ಸಿಗುವ ಪೆಟ್ರೋಲೇ ಆಗಿದೆ. ಎಥನಾಲ್ ಸುಮಾರು 78 ಡಿಗ್ರಿಯಲ್ಲಿ ಕುದಿಯುತ್ತದೆ. ಗಂಟೆಗಟ್ಟಲೆ ಘಟ್ಟ ಹತ್ತಿದ ಎಂಜಿನ್ನಿನ ಮೇಲೆ ಕುಳಿತ ಕಾರ್ಬ್ಯುರೇಟರಿಗೆ ಅದು ದೂರದ ಉಷ್ಣತೆಯೇನಲ್ಲ. ಹಾಗೆಂದು ಎಲ್ಲವನ್ನೂ ಎಥನಾಲಿನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಬಿಸಿ ಸ್ಟಾರ್ಟಿಂಗ್ ತೊಂದರೆ ಫಿಯೆಟ್, ಅಂಬಾಸಿಡರ್‌ಗಳ ಕಾಲದಲ್ಲೂ ಇತ್ತು, ಆಗ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಘಟ್ಟ ಹತ್ತಿದವರನ್ನು ನಾನೇ ಕಂಡಿದ್ದೇನೆ.

ಇನ್ನೊಂದು ಮುಖ್ಯ ಪ್ರಶ್ನೆ. ಕಾರ್ಬ್ಯುರೇಟರ್ ಬಿಚ್ಚಿಸಿದ್ದು ತೊಂದರೆ ಶುರುವಾಗುವ ಮೊದಲೋ, ಆಮೇಲೋ?

ಹಳೆ ಡಿಸ್ಟ್ರಿಬ್ಯೂಟರ್, ದಾವಣಗೆರೆ

ಮೇಲಿನವರು ಕಾರ್ಬ್ಯುರೇಟರಿನ ಕಡೆಗೆ ಸ್ವಲ್ಪ ಬೇಗ ಓಡಿದರೆಂದು ನನ್ನ ಅನಿಸಿಕೆ. ಪ್ಲಗ್ ಒದ್ದೆಯಾಗಿದೆ, ಆದ್ದರಿಂದ ಪೆಟ್ರೋಲ್ ಹೆಚ್ಚಾಗಿದೆ ಎನ್ನುವ ತೀರ್ಮಾನದಿಂದ ಅನೇಕರು ದಾರಿ ತಪ್ಪಿದ್ದಾರೆ. ಕಿಡಿಯೇ ಬಾರದಿದ್ದರೂ ಪ್ಲಗ್ ಒದ್ದೆಯಾಗುತ್ತದೆ, ಏಕೆಂದರೆ ಒಳಬಂದ ಪೆಟ್ರೋಲ್ ಸುಡದೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಒದ್ದೆ ಪ್ಲಗ್ ಪೆಟ್ರೋಲ್ ಬರುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ.

ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನಿಮ್ಮ ಗಾಡಿಯಲ್ಲಿ ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಬಗೆಯದಾಗಿದ್ದರೆ ಅದರೊಳಗಿನ ಪಿಕಪ್ ಕಾಯಿಲ್ (ಕಿಡಿಯ ಹೊತ್ತು ತಿಳಿಸುವುದು) ಅಥವಾ ಇಗ್ನೈಟರ್ (ಕಾಯಿಲ್ಲಿನ ಕರೆಂಟ್ ಬಿಟ್ಟು ಕಡಿಯುವುದು) ಬಿಸಿಯಾದಾಗ ಸತ್ತು, ತಣ್ಣಗಾದಾಗ ಜೀವ ತಳೆಯುವುದುಂಟು. ಲಕ್ಷಣ ನೀವು ಹೇಳಿದಂತೆಯೇ ಇರುತ್ತದೆ. ಗಾಡಿಯಲ್ಲಿ ಒಂದು ಹಳೆಯ ಒಳ್ಳೆಯ ಪ್ಲಗ್ಗನ್ನು ಇಟ್ಟುಕೊಂಡಿರಿ. ಕೈಕೊಟ್ಟಾಗ ಒಂದು ಪ್ಲಗ್ ವೈರನ್ನು ಬಿಚ್ಚಿ ಇದಕ್ಕೆ ಸಿಕ್ಕಿಸಿ, ಇದರ ಲೋಹದ ಮೈಯನ್ನು ಜಂಪ್ ಕೇಬಲ್ಲಿನಿಂದ ಎಂಜಿನ್ನಿಗೆ ಭದ್ರವಾಗಿ ಅರ್ಥ್ ಮಾಡಿ, ಕಾರ್ಬ್ಯುರೇಟರಿನಿಂದ ದೂರ ಇಟ್ಟು, ಕೈಯಲ್ಲಿ ಹಿಡಿಯದೆ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಚಟಚಟ ಸದ್ದಿನ ನೀಲಿ ಕಿಡಿ ಬಂದರೆ ನಾನು ನನ್ನ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ. ಕಿಡಿ ಇಲ್ಲದಿದ್ದರೆ ಪಿಕಪ್ ಮತ್ತು ಇಗ್ನೈಟರ್ ಕಡೆ ನೋಡಿ. ತೆಳು ಕೆಂಪು ಹಳದಿ ಕಿಡಿ ಬಂದರೆ ಅದೇ ಹೊತ್ತಿನಲ್ಲಿ ಕಾಯಿಲ್ಲಿನ ಪಾಸಿಟಿವ್ ತುದಿಯಲ್ಲಿ ಎಷ್ಟು ವೋಲ್ಟ್ ಇದೆಯೆಂದು ಅಳೆಯಿರಿ.

ಮಳೆಗಾಲದಲ್ಲಿ ಶಿರಸಿಯ ಕಡೆಯ ಗಾಡಿಗಳಿಗೆ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಕೂರುವ ತೊಂದರೆಯೂ ಇದೆ. ಅದು ಬೆಳಗಿನ ತಣ್ಣನೆಯ ಸ್ಟಾರ್ಟಿಂಗಿನಲ್ಲಿ ಕಾಡುತ್ತದೆಯೇ ಹೊರತು ಘಟ್ಟ ಹತ್ತಿದ ಬಿಸಿ ಎಂಜಿನ್ನಿನಲ್ಲಿ ಅಲ್ಲವಾದ್ದರಿಂದ ಇಲ್ಲಿ ಬಿಟ್ಟುಬಿಡಬಹುದು.

ಅಡಿಕೆತೋಟ, ಶಿರಸಿ

ಮೂವರಿಗೂ ಧನ್ಯವಾದಗಳು. ಐದು ವಾರ ನೋಟ್‌ಪುಸ್ತಕ ಇಟ್ಟು, ಮೀಟರ್ ಕೊಂಡು, ಬೇಕೆಂದೇ ಘಟ್ಟ ಹತ್ತಿಸಿ ನಿಲ್ಲಿಸಿ ನೋಡಿದೆ. ಒಟ್ಟು 17 ಬಿಸಿ ಸ್ಟಾರ್ಟುಗಳಲ್ಲಿ ಮೂರು ಬಾರಿ ಸಂಪೂರ್ಣವಾಗಿ ಕೈಕೊಟ್ಟಿತು, ಇನ್ನು ನಾಲ್ಕು ಬಾರಿ ಐದಾರು ಸೆಕೆಂಡು ತಡವರಿಸಿ ಎದ್ದಿತು. ಈ ತಡವರಿಕೆಯನ್ನು ನಾನು ಇಷ್ಟು ದಿನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಏಳೂ ಸಂದರ್ಭಗಳಲ್ಲಿ ಗಾಡಿ 12ರಿಂದ 35 ನಿಮಿಷ ನಿಂತಿತ್ತು. ಐದು ನಿಮಿಷದೊಳಗೆ ಹೊರಟಾಗಲೂ ಒಂದು ಗಂಟೆ ಮೀರಿದಾಗಲೂ ಒಮ್ಮೆಯೂ ತೊಂದರೆಯಾಗಲಿಲ್ಲ.

ಮೊದಲ ಸಲ ಕೈಕೊಟ್ಟಾಗ ಕಿಡಿಯ ಪರೀಕ್ಷೆ ಮಾಡಿದೆ. ಕಿಡಿ ಇತ್ತು, ಆದರೆ ತೆಳುವಾಗಿ ಹಳದಿ ಬಣ್ಣದಲ್ಲಿತ್ತು. ಎರಡನೆಯ ಸಲ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದಾಗ ಎಂಟನೆಯ ಸೆಕೆಂಡಿಗೆ ಕಪ್ಪು ಹೊಗೆಯೊಂದಿಗೆ ಎದ್ದಿತು. ಮೂರನೆಯ ಸಲ ಅದೇ ಉಪಾಯ ಫಲಿಸಲಿಲ್ಲ. ಆಗ ಅಳೆದ ಅಂಕಿಗಳು ಹೀಗಿವೆ: ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ 10.4 ವೋಲ್ಟ್, ನೆಗೆಟಿವ್ ಕಂಬ ಮತ್ತು ಎಂಜಿನ್ ಬ್ಲಾಕಿನ ನಡುವೆ 1.6 ವೋಲ್ಟ್, ಕಾಯಿಲ್ಲಿನ ಪಾಸಿಟಿವ್ ತುದಿಯಿಂದ ಬ್ಲಾಕಿಗೆ ಕೇವಲ 8.1 ವೋಲ್ಟ್. ಬೆಳಿಗ್ಗೆ ತಣ್ಣಗಿರುವಾಗ ಅರ್ಥ್ ಕಡೆಯ ನಷ್ಟ 0.9 ಮಾತ್ರ ಇತ್ತು. ಆಕ್ಸಿಲರೇಟರ್ ಕೇಬಲ್ ಬೆಚ್ಚಗಾಗಿದ್ದುದು ನಿಜ. ಬಾನೆಟ್ಟೇ ಬಿಸಿಯಿದ್ದುದರಿಂದ ಸಂಶಯ ಬಂದು ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ನಿನಲ್ಲಿ, ಕಾಯಿಲ್ಲಿನ ವೈರ್ ತೆಗೆದು ಸೆಲ್ಫ್ ಹೊಡೆದು ಮುಟ್ಟಿದರೂ ಬೆಚ್ಚಗೇ ಇತ್ತು.

ಕಾರ್ಬ್ಯುರೇಟರಿನ ವಿಷಯ: ಹಳೆಯ ರಸೀದಿ ನೋಡಿದಾಗ ತೊಂದರೆ ಶುರುವಾದದ್ದು ಅದನ್ನು ಬಿಚ್ಚಿಸಿದ ನಂತರದ ಬೇಸಿಗೆಯಲ್ಲೇ ಎಂದು ನೆನಪಾಯಿತು. ಹಾಗಾದರೆ ದೋಷ ಕಿಡಿಯದ್ದೋ, ಪೆಟ್ರೋಲಿನದ್ದೋ?

ಮಲ್ಟಿಮೀಟರ್

ಎರಡೂ ಹೌದು. ಬಂದು ಬಂದು ಹೋಗುವ ದೋಷಗಳಲ್ಲಿ ಒಂದೇ ಕಾರಣವನ್ನು ಹುಡುಕುತ್ತ ನಾವು ಸೋಲುವುದು ಬಹುಶಃ ಇಲ್ಲಿಯೇ. ನಿಮ್ಮ ಅಂಕಿಗಳನ್ನು ಜೋಡಿಸಿ ನೋಡಿ. ಬೆಳಿಗ್ಗೆ ಅರ್ಥ್ ಕೆಟ್ಟಿದ್ದರೂ ಮಿಶ್ರಣ ಸರಿಯಾಗಿರುವುದರಿಂದ ದುರ್ಬಲ ಕಿಡಿಗೂ ಅದು ಹತ್ತಿಕೊಳ್ಳುತ್ತದೆ. ಬಿಸಿಯಾಗಿ ನಿಂತಾಗ ಮಿಶ್ರಣ ಪೆಟ್ರೋಲಿನಿಂದ ದಟ್ಟವಾಗಿರುತ್ತದೆ, ಆದರೂ ಕಿಡಿ ಬಲವಾಗಿದ್ದರೆ ತಡವರಿಸಿಯಾದರೂ ಏಳುತ್ತದೆ. ದಟ್ಟ ಮಿಶ್ರಣ ಮತ್ತು ಬಡಕಲು ಕಿಡಿ ಒಂದೇ ಹೊತ್ತಿಗೆ ಸೇರಿದ ದಿನ ಮಾತ್ರ ನೀವು ಘಟ್ಟದ ಮೇಲೆ ಕುಳಿತಿರಬೇಕಾಗುತ್ತದೆ. ಹೊಸ ಬ್ಯಾಟರಿ ಎರಡು ತಿಂಗಳು, ಹೊಸ ಕಾಯಿಲ್ ಮೂರು ವಾರ ಗುಣ ತೋರಿಸಿದ್ದಕ್ಕೂ ಇದೇ ವಿವರಣೆ ಸಾಕು: ಎರಡೂ ಕಿಡಿಗೆ ಸ್ವಲ್ಪ ಬಲ ಕೊಟ್ಟವು, ತುಕ್ಕು ಇನ್ನಷ್ಟು ಬೆಳೆದು ಆ ಬಲವನ್ನೂ ತಿಂದುಹಾಕಿತು. ನಿಮ್ಮ ಮೆಕ್ಯಾನಿಕ್ ತಪ್ಪು ಮಾಡಿದರೆಂದು ನಾನು ಹೇಳುವುದಿಲ್ಲ; ಅವರ ಮುಂದೆ ಗಾಡಿ ಕೈಕೊಡಲೇ ಇಲ್ಲವಲ್ಲ.

ಎಂಜಿನ್ ಅಥವಾ ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನು ಎರಡೂ ತುದಿಯಲ್ಲಿ ಬಿಚ್ಚಿಸಿ. ಮೇಲುನೋಟಕ್ಕೆ ಸರಿಯಿದೆಯೆಂದು ಬಿಡಬೇಡಿ, ಬೋಲ್ಟಿನ ಕೆಳಗಿನ ಲೋಹ ಹೊಳೆಯುವವರೆಗೆ ಉಜ್ಜಿಸಬೇಕು. ಬ್ಯಾಟರಿಯ ನೆಗೆಟಿವ್ ವೈರ್ ಬಾಡಿಗೆ ಸೇರುವ ಜಾಗಕ್ಕೂ ಅದೇ ಶಾಸ್ತ್ರ. ಜೋಡಿಸಿದ ಮೇಲೆ ಗ್ರೀಸ್ ಸವರಿಸಿ.

ಘಟ್ಟದ ಕೆಳಗಿನವ, ಕುಮಟಾ

ಕಾರ್ಬ್ಯುರೇಟರಿನ ಬುಡವನ್ನು ಟಾರ್ಚ್ ಹಿಡಿದು ನೋಡಿ. ಅದಕ್ಕೂ ಮ್ಯಾನಿಫೋಲ್ಡಿಗೂ ನಡುವೆ ಶಾಖವನ್ನು ತಡೆಯುವ ದಪ್ಪನೆಯ ಇನ್ಸುಲೇಟರ್ ಇರಬೇಕು. ಬಿಚ್ಚುವಾಗ ಅದು ಒಡೆದಿದ್ದರೆ ಕೆಲವರು ತೆಳು ಪ್ಯಾಕಿಂಗ್ ಹಾಳೆಯಷ್ಟನ್ನೇ ಹಾಕಿ ಬಿಗಿದುಬಿಡುತ್ತಾರೆ, ಗಾಡಿ ಅಲ್ಲಿ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ಕಾರ್ಬ್ಯುರೇಟರನ್ನು ಬಿಗಿಯುವ ಸ್ಟಡ್ಡುಗಳ (ತಲೆಯಿಲ್ಲದ ಬೋಲ್ಟುಗಳ) ತುದಿ ನಟ್ಟಿನಿಂದ ಅಗತ್ಯಕ್ಕಿಂತ ಹೆಚ್ಚು ಹೊರಗೆ ಚಾಚಿದ್ದರೆ ನಡುವೆ ಏನೋ ಕಾಣೆಯಾಗಿದೆ ಎಂದು ಲೆಕ್ಕ. ಜೊತೆಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟಿನ ಮಟ್ಟ ಎತ್ತರವಾಗಿದೆಯೇ, ಒಳಬರುವ ಪೆಟ್ರೋಲನ್ನು ತಡೆಯುವ ನೀಡಲ್ ವಾಲ್ವ್ ಸರಿಯಾಗಿ ಮುಚ್ಚುತ್ತದೆಯೇ ಎಂಬುದನ್ನೂ ಪರೀಕ್ಷಿಸಲು ಹೇಳಿ. ಮಟ್ಟ ತುಸು ಹೆಚ್ಚಿದ್ದರೂ ಉಕ್ಕುವುದಕ್ಕೆ ಬೇಕಾಗುವ ಶಾಖ ಕಡಿಮೆಯಾಗುತ್ತದೆ.

ಇಂಜೆಕ್ಟರ್, ತುಮಕೂರು

ಇದೇ ಲಕ್ಷಣವಿರುವ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಯವರು ಯಾರಾದರೂ ಇದನ್ನು ಓದಿದರೆ ಅವರಿಗಾಗಿ ಒಂದು ಟಿಪ್ಪಣಿ. ಅದರಲ್ಲಿ ಫ್ಲೋಟ್ ಚೇಂಬರೂ ಇಲ್ಲ, ಚೋಕೂ ಇಲ್ಲ. ಕೀಲಿಯನ್ನು ಆನ್ ಮಾಡಿ, ಹಿಂದಿನ ಸೀಟಿನ ಕೆಳಗೆ ಪಂಪು ಎರಡು ಸೆಕೆಂಡು ಗುಂಯ್‌ಗುಟ್ಟಿ ನಿಂತ ಮೇಲೆ ಆಫ್ ಮಾಡಿ, ಹೀಗೆ ಮೂರು ಬಾರಿ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಎದ್ದರೆ ಪಂಪಿನೊಳಗಿನ ಚೆಕ್ ವಾಲ್ವೋ ಇಂಜೆಕ್ಟರೋ ಸೋರಿ, ಕೊಳವೆಯ ಒತ್ತಡ ನಿಂತಲ್ಲೇ ಇಳಿದುಹೋಗುತ್ತಿದೆ. ಹಾಗೂ ಏಳದಿದ್ದರೆ ಕೂಲೆಂಟಿನ ಉಷ್ಣತೆ ತಿಳಿಸುವ ಸೆನ್ಸರನ್ನು ನೋಡಬೇಕು. ಅದು ಬಿಸಿ ಎಂಜಿನ್ನನ್ನು ತಣ್ಣಗಿದೆಯೆಂದು ವರದಿ ಮಾಡಿದರೆ ಕಂಪ್ಯೂಟರ್ ಬೇಡದಿದ್ದರೂ ಹೆಚ್ಚು ಪೆಟ್ರೋಲ್ ಕೊಡುತ್ತದೆ.

ಅಡಿಕೆತೋಟ, ಶಿರಸಿ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಬೇಸಿಗೆ ಮುಗಿಯುವವರೆಗೆ ಏನೂ ಹೇಳಬಾರದೆಂದು ಕಾದೆ.

ಅರ್ಥ್ ಪಟ್ಟಿ ಗೇರ್‌ಬಾಕ್ಸಿನ ಕಡೆ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಬಾಡಿಯ ಕಡೆಯ ತುದಿಯನ್ನು ಬಿಚ್ಚಿದಾಗ ಹೆಣಿಗೆಯ ಮುಕ್ಕಾಲು ಪಾಲು ಎಳೆಗಳು ಹಸಿರುಗಟ್ಟಿ ಕೈಯಲ್ಲೇ ಉದುರಿದವು. ಹೊಸ ಪಟ್ಟಿ ಹಾಕಿ ಉಜ್ಜಿದ ಮೇಲೆ ಬಿಸಿಯಲ್ಲೂ 0.2 ವೋಲ್ಟಿಗಿಂತ ಹೆಚ್ಚು ನಷ್ಟವಿಲ್ಲ, ಸೆಲ್ಫ್‌ನ ಸದ್ದೇ ಬೇರೆಯಾಗಿದೆ. ಇಷ್ಟೇ ಮಾಡಿ, ಕಾರ್ಬ್ಯುರೇಟರನ್ನು ಮುಟ್ಟದೆ ಎರಡು ವಾರ ಓಡಿಸಿದೆ. ಒಮ್ಮೆಯೂ ಪೂರ್ತಿ ಕೈಕೊಡಲಿಲ್ಲ, ಆದರೆ ಇಪ್ಪತ್ತು ನಿಮಿಷ ನಿಂತ ಮೇಲಿನ ತಡವರಿಕೆ ಹಾಗೆಯೇ ಉಳಿದಿತ್ತು. ಆಮೇಲೆ ಬುಡ ನೋಡಿದರೆ ಸ್ಟಡ್ಡಿನ ತುದಿಗಳು ಹೊರಚಾಚಿದ್ದವು. ನಡುವೆ ಇದ್ದದ್ದು ಒಂದು ತೆಳು ಹಾಳೆ ಮಾತ್ರ. ಇನ್ಸುಲೇಟರ್ ಇಲ್ಲಿ ಸಿಗದೆ ಹುಬ್ಬಳ್ಳಿಯಿಂದ ತರಿಸಿ ಹಾಕಿಸಿದೆ, ತುಸು ಮೇಲಿದ್ದ ಫ್ಲೋಟನ್ನೂ ಸರಿಪಡಿಸಿದರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹನ್ನೊಂದು ಬಾರಿ ಘಟ್ಟ ಹತ್ತಿ ಬೇಕೆಂದೇ ಚಹಾ ಕುಡಿದಿದ್ದೇನೆ. ಪ್ರತಿ ಸಲವೂ ಎರಡು ಸೆಕೆಂಡಿನೊಳಗೆ ಎದ್ದಿದೆ.

ಒಂದೇ ಒಂದು ಬಾರಿ, ಗಾಡಿಯನ್ನು ಮನೆಯಲ್ಲೇ ನಿಲ್ಲಿಸಿ ಮದುವೆಗೆಂದು ಊರಿಗೆ ಹೋಗಿ ಆರು ದಿನ ಬಿಟ್ಟು ಬಂದಾಗ, ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಯಿತು. ಕಿಡಿ ನೀಲಿಯಾಗಿಯೇ ಇತ್ತು, ಪ್ಲಗ್ ಒಣಗಿತ್ತು.

ಘಟ್ಟದ ಕೆಳಗಿನವ, ಕುಮಟಾ

ಆರು ದಿನದಲ್ಲಿ ಫ್ಲೋಟ್ ಚೇಂಬರಿನ ಪೆಟ್ರೋಲ್ ಆರಿಹೋಗುವುದು ಸಹಜ. ಎಂಜಿನ್ ತಿರುಗಿದಾಗ ಮಾತ್ರ ನಡೆಯುವ ಪೆಟ್ರೋಲ್ ಪಂಪು ಅದನ್ನು ಮತ್ತೆ ತುಂಬುವವರೆಗೆ ಸೆಲ್ಫ್ ಹೊಡೆಯಲೇಬೇಕು. ಹತ್ತು ಸೆಕೆಂಡು ಹೊಡೆದು ಅರ್ಧ ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ. ಎರಡೇ ದಿನ ನಿಂತಾಗಲೂ ಹೀಗಾಗತೊಡಗಿದರೆ ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಹೋಸನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಎಥನಾಲ್ ತಾಳುವ ಹೊಸ ಹೋಸನ್ನು ಕ್ಲಾಂಪುಗಳೊಂದಿಗೆ ಹಾಕಿಸಿ.